ನೀವು ಬಿಚ್ಚದೇ ಹೋದ ಲೀಶ್

ನಮ್ಮನೆಯವರಿಗೆ,

ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿರಿ ಅಂತ ಶುರು ಮಾಡೋದು ನಮ್ಮಪ್ಪ ಕಲಿಸಿದ್ದು. ಮೊದಲನೇ ಮಾತು ಸುಳ್ಳಾಗುತ್ತೆ, ಎರಡನೇದು ನಿಮ್ಮ ಕೈಲಾಗೋದಲ್ಲ. ಅದಕ್ಕೇ ನೇರವಾಗಿ ಹೇಳಿಬಿಡ್ತೀನಿ. ಇದು ಜಗಳದ ಕಾಗದ ರೀ. ನೀವು ಹೋದ ಮೇಲೆ ನಾಲ್ಕು ತಿಂಗಳು ಅತ್ತಿದ್ದಾಯ್ತು. ನಿನ್ನೆ ಬೆಳಿಗ್ಗೆಯಿಂದ ಅಳು ನಿಂತು ಹೊಟ್ಟೆ ಉರಿಯೋಕೆ ಶುರುವಾಗಿದೆ. ಸತ್ತ ಗಂಡನ ವಿಷಯಕ್ಕೆ ಹೊಟ್ಟೆಕಿಚ್ಚು ಪಡೋ ಹೆಂಗಸನ್ನ ಎಲ್ಲಾದ್ರೂ ಕಂಡಿದೀರಾ? ಇಲ್ಲಿದೀನಿ ನೋಡಿ, ಅಮೆರಿಕಾದ ಈ ಅಲೆನ್ ಊರಿನ ನಮ್ಮ ಮನೇಲಿ, ಅಡಿಗೆಮನೆ ಟೇಬಲ್ ಮುಂದೆ, ಮಧ್ಯಾಹ್ನದ ಊಟ ಕೂಡ ಮಾಡದೆ ಕೂತಿದೀನಿ.

ಫೆಬ್ರವರಿಯಲ್ಲಿ ನೀವು ಅದನ್ನ ಮನೆಗೆ ತಂದ ದಿನ ನೆನಪಿದೆಯಾ? ಲಾಸ್ ಕೊಲಿನಾಸ್ ಆಫೀಸಿನಲ್ಲಿ ಯಾರದೋ ಮನೆ ನಾಯಿ ಮರಿ ಹಾಕಿತ್ತು ಅಂತ, ಒಂದನ್ನ ಜಾಕೆಟ್ಟಿನೊಳಗೆ ಬಚ್ಚಿಟ್ಟುಕೊಂಡು ಗರಾಜ್ ಬಾಗಿಲಿಂದ ಕಳ್ಳನ ಹಾಗೆ ಬಂದ್ರಿ. ಮೈಯೆಲ್ಲ ಚಿಕ್ಕು ಹಣ್ಣಿನ ಬಣ್ಣ, ಎದೆ ಮೇಲೆ ಮಾತ್ರ ಬಿಳಿ ಚುಕ್ಕೆ. "ಪಾಯಿಂಟರ್ ಜಾತಿ ಕಣೇ, ಅಸಲಿ ಬೇಟೆ ನಾಯಿ. ಹಕ್ಕಿ ಕಂಡ್ರೆ ಒಂದು ಕಾಲೆತ್ತಿ ಹಾಗೇ ನಿಂತು ತೋರಿಸುತ್ತಂತೆ," ಅಂದ್ರಿ. "ಮೊಟ್ಟೆ ಕೂಡ ತರದ ಮನೇಲಿ ಬೇಟೆ ಏನಿದೆ ರೀ? ಹೀರೇಕಾಯಿ ತೋರಿಸುತ್ತಾ?" ಅಂತ ನಾನು ಕೇಳಿದೆ. ಮೇಧಾ ಬಿದ್ದು ಬಿದ್ದು ನಕ್ಕಳು. ನೀವು ಮಗಳ ಜೊತೆ ಸೇರಿಕೊಂಡು ಅದಕ್ಕೆ ಚಿಕ್ಕು ಅಂತ ಹೆಸರಿಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಅದರ ಹೊಟ್ಟೆ ಸವರುತ್ತಾ ಕೂತ್ರಿ.

ಇಪ್ಪತ್ತು ವರ್ಷ ಬೆಳಿಗ್ಗೆ ಬೆಳಿಗ್ಗೆ ನಿಮ್ಮನ್ನ ಎಬ್ಬಿಸೋಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಕಾಫಿ ಲೋಟ ಮೂಗಿನ ಹತ್ತಿರ ಹಿಡಿದ್ರೂ "ಐದು ನಿಮಿಷ ಕಣೇ" ಅಂತ ಹೊದಿಕೆ ಎಳ್ಕೊಳ್ತಿದ್ರಿ. ಅದೇ ಮನುಷ್ಯ ಆ ಮರಿ ಕುಂಯ್ ಅಂದ್ರೆ ಐದೂವರೆಗೇ ಎದ್ದು ಕೂರೋರು! ಅದರ ಮೊಸರನ್ನ ಬಿಸಿ ಇದೆಯಾ ಅಂತ ಬೆರಳಿಟ್ಟು ನೋಡೋರು. ನನ್ನನ್ನ ಕರೆಯೋದು "ಏ, ಇವಳೇ." ಅದನ್ನ ಕರೆಯೋದು "ಬಂಗಾರ, ರಾಜ, ಬಾ ಕಂದ." ಬಂಗಾರ ಅನ್ನೋ ಮಾತು ನಿಮ್ಮ ಬಾಯಿಗೆ ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ ರೀ. ಅಡಿಗೆಮನೇಲಿ ನಿಂತು ಕೇಳಿಸ್ಕೊಳ್ತಾ ಕೇಳಿಸ್ಕೊಳ್ತಾ ಎಷ್ಟು ಸಲ ಒಗ್ಗರಣೆ ಸೀಯಿಸಿದೀನೋ. ನಾಯಿ ಜೊತೆ ಪೈಪೋಟಿನಾ ಅಂತ ಮೇಧಾ ರೇಗಿಸ್ತಿದ್ದಳು. ಹೌದು, ಪೈಪೋಟಿನೇ. ಅದು ನಾಲ್ಕೇ ತಿಂಗಳಲ್ಲಿ ಗೆದ್ದುಬಿಟ್ಟಿತ್ತು.

ನೀವು ನನ್ನನ್ನ ನೋಡೋಕೆ ಬಂದ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ, "ನಿಮ್ಮನೇಲಿ ನಾಯಿ ಇದೆಯಾ?" ಎಲ್ಲರೂ ನಕ್ಕಿದ್ರು. ಮೂರನೇ ಕ್ಲಾಸಿನಲ್ಲಿದ್ದಾಗ, ಮೈಸೂರಿನಲ್ಲಿ, ಸ್ಕೂಲಿಂದ ಬರ್ತಿದ್ದವಳನ್ನ ಹಿಂದಿನಿಂದ ಅಟ್ಟಿಸಿಕೊಂಡು ಬಂದ ಬೀದಿನಾಯಿ ಮೀನಖಂಡಕ್ಕೆ ಬಾಯಿ ಹಾಕಿತ್ತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಇದೆಲ್ಲ ಗೊತ್ತಿದ್ದೂ ತಂದ್ರಿ. ಬಂದ ಎರಡನೇ ವಾರ, ನಾನು ಸ್ನಾನ ಮಾಡಿ ಸೀರೆ ಉಟ್ಟು ದೇವರ ದೀಪ ಹಚ್ಚೋಕೆ ಬಗ್ಗಿದೀನಿ, ಫ್ಯಾನ್ ಗಾಳಿಗೆ ಸೆರಗು ಹಾರಿತು. ಹಕ್ಕಿ ಅಂದ್ಕೊಂಡಿತೋ ಏನೋ, ಎಗರಿ ಸೆರಗಿಗೆ ಜೋತು ಬಿತ್ತು. ನಾನು ಕಿರುಚಿಕೊಂಡು ಬಿದ್ದೆ, ಎಣ್ಣೆ ಬಟ್ಟಲು ಕಾರ್ಪೆಟ್ ಮೇಲೆ. ಮನೇಲಿ ಸೀರೆ ಬಿಟ್ಟು ಬೇರೆ ಹಾಕದವಳು ನಾನು, ಸೀರೆ ಕಂಡ್ರೆ ಬಿಡದ ನಾಯಿ ಅದು. "ಈ ಮನೇಲಿ ಅದಿರಬೇಕು, ಇಲ್ಲ ನಾನಿರಬೇಕು," ಅಂದೆ. ನೀವು ಅದನ್ನ ಎತ್ಕೊಂಡು ಗರಾಜಿಗೆ ಹೋದ್ರಿ. ಆಮೇಲಿಂದ ಪ್ರತಿ ಶನಿವಾರ ಬೆಳಿಗ್ಗೆ ಪಾರ್ಕು. ಎರಡೆರಡು ಗಂಟೆ ಅಲ್ಲೇನು ಮಾಡ್ತೀರಿ ಅಂದ್ರೆ "ಟ್ರೇನಿಂಗ್" ಅಂತಿದ್ರಿ. ಅಷ್ಟೇ.

ಜೂನ್‌ನಲ್ಲಿ ನೀವು ಆಫೀಸಿನ ಪಾರ್ಕಿಂಗ್‌ನಲ್ಲಿ ಕುಸಿದು ಬಿದ್ರಿ. ಆಗಸ್ಟಿನಲ್ಲಿ ಮೇಧಾ ಕಾಲೇಜಿಗೆ ಅಂತ ಆಸ್ಟಿನ್‌ಗೆ ಹೋದಳು. ಆಮೇಲೆ ಈ ಮನೇಲಿ ಉಳಿದಿದ್ದು ನಾನು, ಅದು. ಗಾಜಿನ ಬಾಗಿಲನ್ನ ಒಂದು ಗೇಣು ಸರಿಸಿ, ತಟ್ಟೆ ಹೊರಗೆ ನೂಕಿ, ತಕ್ಷಣ ಮುಚ್ಚಿಬಿಡ್ತಿದ್ದೆ. ಹಿತ್ತಲ ಬೇಲಿಯೊಳಗೇ ಅದರ ಸಂಸಾರ. ಬಾಗಿಲಿಗೆ ಮೂಗು ಒತ್ತಿ ನೋಡಿದ್ರೆ "ಹಚಾ! ಹೋಗು!" ಅಂತಿದ್ದೆ. ಕೊನೆಗೆ ಸಾಕಾಗಿ, ಹ್ಯೂಸ್ಟನ್‌ನಲ್ಲಿರೋ ನಿಮ್ಮ ಚಿಕ್ಕಪ್ಪನ ಮಗ ಪ್ರಕಾಶನಿಗೆ ಫೋನ್ ಮಾಡಿ, ಇದನ್ನ ಕರ್ಕೊಂಡು ಹೋಗಿಬಿಡಪ್ಪಾ ಅಂದೆ. "ಭಾನುವಾರ ಬರ್ತೀನಿ ಅತ್ತಿಗೆ," ಅಂದ. ಅಂದ್ರೆ ಇವತ್ತು. ಮೇಧಾಗೂ ಫೋನ್ ಮಾಡಿ ಹೇಳಿದೆ. "ಅಟ್ಲೀಸ್ಟ್ ಟೇಕ್ ಹಿಮ್ ಟು ಅಪ್ಪಾಸ್ ಪಾರ್ಕ್ ಒನ್ಸ್, ಅಮ್ಮ. ಪ್ಲೀಸ್," ಅಂದಳು. ಅವಳ ಆ ಪ್ಲೀಸ್‌ಗೆ ನಿಮ್ಮ ಹಾಗೇ ನಾನೂ ಸೋತೆ.

ನಿನ್ನೆ ಬೆಳಿಗ್ಗೆ ಕುತ್ತಿಗೆ ಪಟ್ಟಿಗೆ ಲೀಶ್ ಹಾಕೋಕೆ ಪಕ್ಕದ ಮನೆ ತಾತನನ್ನ ಕರೆದೆ. ಕಾರಿನ ಹಿಂದಿನ ಸೀಟಿಗೆ ಹತ್ತಿಸಿದ್ದೂ ಅವರೇ. ನಾನು ಸ್ಟೀರಿಂಗಿಗೆ ಅಂಟಿಕೊಂಡು ಡ್ರೈವ್ ಮಾಡಿದೆ, ಹಿಂದಿನಿಂದ ಬಿಸಿ ಉಸಿರು ಕುತ್ತಿಗೆಗೆ ತಾಕಿದ್ರೆ ಎಲ್ಲಿ ಕಾರು ಗುದ್ದಿಬಿಡ್ತೀನೋ ಅಂತ. ಮ್ಯಾಪ್ ಪ್ರಿಂಟ್ ಮಾಡ್ಕೊಂಡು ಹೋಗಿದ್ದೆ, ಆದ್ರೂ ಒಂದು ತಿರುವು ತಪ್ಪಿಸಿದೆ. ಚಿಕ್ಕು ತಪ್ಪಿಸಲಿಲ್ಲ. ಪಾರ್ಕಿನ ರಸ್ತೆ ಬರ್ತಿದ್ದ ಹಾಗೆ ಎದ್ದು ನಿಂತು ಕುಂಯ್‌ಗುಟ್ಟೋಕೆ ಶುರು ಮಾಡಿತು. ನಿಮ್ಮ ದಾರಿ ಅದಕ್ಕೆ ಗೊತ್ತು, ನನಗೆ ಗೊತ್ತಿಲ್ಲ. ಮಕ್ಕಳ ಉಯ್ಯಾಲೆ ದಾಟಿದ್ರೆ ಇನ್ನೂ ಮನೆಗಳು ಏಳದ ದೊಡ್ಡ ಬಯಲು, ಒಣಹುಲ್ಲು, ಅದರಾಚೆ ಹೈವೇ ಸದ್ದು. ಲೀಶಿನ ತುದಿಯನ್ನ ಎರಡು ಕೈಲೂ ಬಿಗಿಯಾಗಿ ಹಿಡ್ಕೊಂಡು, ಆದಷ್ಟು ದೂರದಲ್ಲಿ ನಡೀತಿದ್ದೆ.

"ಚಿಕ್ಕೂ! ಓ ಮೈ ಗಾಡ್, ಚಿಕ್ಕೂ!" ಅಂತ ಕೂಗು ಕೇಳಿಸಿದ್ದು ಆಗ. ಎತ್ತರದ ಹೆಂಗಸು, ಟೋಪಿ, ನರೆತ ಜಡೆ, ಪಕ್ಕದಲ್ಲಿ ಇದೇ ಜಾತಿಯ ಒಂದು ಮುದಿ ನಾಯಿ, ಅದಕ್ಕೆ ಲೀಶೂ ಇಲ್ಲ. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಸೊಂಟ ಮಾತ್ರ ನನಗಿಂತ ಸಣ್ಣ. ಮೊದಲು ಅದನ್ನೇ ನೋಡಿದೆ, ಸುಳ್ಳು ಯಾಕೆ ಹೇಳಲಿ. ಚಿಕ್ಕು ಬಾಲ ಏನು, ಇಡೀ ಮೈಯನ್ನೇ ಆಡಿಸುತ್ತಾ ನನ್ನನ್ನ ಅವಳ ಹತ್ತಿರಕ್ಕೆ ದರದರ ಎಳ್ಕೊಂಡು ಹೋಯಿತು. ಅವಳು ಅದರ ಮುಖ ಹಿಡಿದು ಮುದ್ದಾಡಿ, ತಲೆ ಎತ್ತಿ ನನ್ನ ಹಿಂದೆ ಮುಂದೆ ನೋಡಿ ಕೇಳಿದಳು, "ವೇರ್ ಈಸ್ ಶ್ರೀ?"

ಶ್ರೀ! ಮದುವೆ ದಿನ ನಿಮ್ಮ ತಂಗಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದ್ರೇ ಒಳಗೆ ಬಿಡೋದು ಅಂದಾಗ ಒಂದೇ ಒಂದು ಸಲ ಶ್ರೀನಿವಾಸ ಅಂದಿದ್ದೆ. ಅದೇ ಮೊದಲು, ಅದೇ ಕೊನೆ. ಆಸ್ಪತ್ರೆ ಫಾರಂ ತುಂಬೋವಾಗ ಕೂಡ ಬರೆದು ತೋರಿಸಿದೆನೇ ಹೊರತು ಬಾಯಿಬಿಟ್ಟು ಹೇಳಲಿಲ್ಲ. ಇವಳ್ಯಾರ್ರೀ ಅದನ್ನ ಅರ್ಧಕ್ಕೆ ಕತ್ತರಿಸಿ, ನೀರು ಕುಡಿದಷ್ಟು ಸಲೀಸಾಗಿ ಕೂಗೋಕೆ? ಶನಿವಾರ ಎರಡೆರಡು ಗಂಟೆ ಟ್ರೇನಿಂಗು! ಮೈಯೆಲ್ಲ ಉರಿದು ಹೋಯಿತು. ಸತ್ತ ಮನುಷ್ಯನ ಕಾಲರ್ ಹಿಡಿದು ಕೇಳೋದಾದ್ರೂ ಹೇಗೆ?

"ಹೀ ಡೈಡ್. ಇನ್ ಜೂನ್," ಅಂದೆ. ಬೇಕಂತಲೇ ಹಾಗೆ, ಮುಖಕ್ಕೆ ಹೊಡೆದ ಹಾಗೆ ಅಂದೆ. ಅವಳು ನಿಂತಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು ರೀ. ಟೋಪಿ ತೆಗೆದು ಮುಖ ಮುಚ್ಚಿಕೊಂಡು, ಭುಜ ಕುಲುಕುವ ಹಾಗೆ ಅತ್ತಳು. ನಾಲ್ಕು ತಿಂಗಳು ಪ್ರತಿ ಶನಿವಾರ ನಿಮ್ಮ ದಾರಿ ಕಾದಳಂತೆ. ಫೋನ್ ನಂಬರ್ ಇಲ್ಲ, ಮನೆ ಗೊತ್ತಿಲ್ಲ, ಊರು ಬಿಟ್ಟು ಶಿಫ್ಟ್ ಆಗಿರಬೇಕು ಅಂದ್ಕೊಂಡಳಂತೆ. ನನಗೆ ಏನನ್ನಿಸಿತು ಗೊತ್ತಾ? ನನ್ನ ಗಂಡನಿಗೆ ಅಳೋಕೆ ಇವಳಿಗೇನು ಹಕ್ಕು ಅನ್ನಿಸಿತು. ಆದ್ರೆ ಏನು ಕರ್ಮ ನೋಡಿ, ಬೆನ್ನು ಸವರಿ "ಇಟ್ಸ್ ಓಕೆ, ಇಟ್ಸ್ ಓಕೆ" ಅನ್ನಬೇಕಾದವಳೂ ನಾನೇ. ಅವಳು ಮೂಗು ಒರೆಸಿಕೊಂಡು, "ನೀವು ವಿಮಲಾ ಅಲ್ವಾ?" ಅಂತ ಇಂಗ್ಲಿಷಿನಲ್ಲೇ ಕೇಳಿದಳು. ವಿಮಲಾ ಅನ್ನೋದನ್ನ ಇಲ್ಲಿ ಯಾರೂ ಸರಿಯಾಗಿ ಹೇಳಲ್ಲ. ಇವಳು ನೆಟ್ಟಗೆ ಹೇಳಿದಳು, ಅಂದ್ರೆ ಎಷ್ಟು ಸಲ ಕೇಳಿರಬೇಕು! ನಿಮ್ಮ ಬಾಯಲ್ಲಿ ನನ್ನ ಹೆಸರು ನಾನು ಯಾವಾಗ ಕೇಳಿದ್ದೆ?

ಯುಗಾದಿ ಕಾರ್ಯಕ್ರಮಕ್ಕೆ ಹೊರಡೋವಾಗ ನನ್ನ ಹಳದಿ ವಾಯಿಲ್ ಸೀರೆಗೆ ಮನೆಯೆಲ್ಲ ಜಾಲಾಡಿದ್ದು ಮರೆತಿಲ್ಲ ತಾನೆ? ಬೀರು, ಲಾಂಡ್ರಿ ಬುಟ್ಟಿ, ಸೂಟ್‌ಕೇಸು ಎಲ್ಲ ಕೆಳಗೆ ಸುರಿದೆ. ಮೇಧಾ ಯಾವ ಡಾನ್ಸಿಗೋ ಕೊಟ್ಟಿದಾಳೆ ಅಂತ ಅವಳಿಗೆ ಬೈದೆ, ಅವಳು ಅತ್ತಳು. ನೀವು ಸೋಫಾ ಮೇಲೆ ಕಾಲು ಚಾಚಿಕೊಂಡು, "ಎಲ್ಲೋ ಇರುತ್ತೆ ಬಿಡು, ಎಲ್ಲಿಗೆ ಹೋಗುತ್ತೆ," ಅಂದ್ರಿ. ಆ ಹೆಂಗಸು, ಕ್ಯಾರಲ್ ಅಂತ ಅವಳ ಹೆಸರು, ಎದ್ದು ಹೋಗಿ ತನ್ನ ಟ್ರಕ್ಕಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಗಿಟ್ಟಳು. ತೆಗೆದು ನೋಡ್ತೀನಿ, ನನ್ನ ಹಳದಿ ಸೀರೆ! ಅಂಚಿನಲ್ಲಿ ಹಲ್ಲಿನ ತೂತು, ಮಣ್ಣು, ನಾಯಿ ಕೂದಲು. "ಶ್ರೀ ನನಗೆ ಉಡಿಸ್ತಿದ್ದ," ಅಂದಳು, ಏನೂ ಆಗದವಳ ಹಾಗೆ.

ಉಡಿಸ್ತಿದ್ರಾ? ನೀವಾ? ಪ್ರತಿ ಹಬ್ಬ, ಪ್ರತಿ ಮದುವೆ, "ರೀ, ಒಂದು ನಿಮಿಷ ಬಂದು ಕೆಳಗೆ ನೆರಿಗೆ ಹಿಡೀರಿ" ಅಂತ ನಾನು ಬೇಡ್ಕೊಳ್ಳೋದು, ನೀವು ಕಾರಿನ ಬೀಗದ ಕೈ ಆಡಿಸುತ್ತಾ "ಲೇಟಾಯ್ತು, ಹೇಗೋ ಸುತ್ಕೊಂಡು ಬಾ" ಅನ್ನೋದು. ಇಪ್ಪತ್ತು ವರ್ಷದಲ್ಲಿ ಒಂದು ಸಲ, ಒಂದೇ ಒಂದು ಸಲ ಬಗ್ಗಿ ನನ್ನ ನೆರಿಗೆ ಹಿಡಿದಿದ್ರಾ? ಇಲ್ಲಿ ಪಾರ್ಕಿನಲ್ಲಿ, ಹಗಲು ಹೊತ್ತಲ್ಲಿ, ಜೀನ್ಸ್ ಮೇಲೆ ಇವಳಿಗೆ! ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು ಅನ್ಸುತ್ತೆ. "ನೋ ನೋ ನೋ," ಅಂತ ಎರಡೂ ಕೈ ಅಲ್ಲಾಡಿಸಿ, ಒಂದೇ ಉಸಿರಿಗೆ ಹೇಳೋಕೆ ಶುರು ಮಾಡಿದಳು.

ಮಾರ್ಚ್‌ನಲ್ಲಿ ನೀವು ಅವಳನ್ನ ಮೊದಲು ಕಂಡಾಗ, ನೀವೇ ಆ ಸೀರೆ ಸುತ್ಕೊಂಡು ಚಿಕ್ಕು ಮುಂದೆ ಓಡಾಡ್ತಿದ್ರಂತೆ. ದೇವರೇ! ವಾಕಿಂಗಿಗೆ ಬಂದೋರು ನಿಂತು ನೋಡ್ತಿದ್ರಂತೆ. ಇವಳು ಚಿಕ್ಕಂದಿನಿಂದ ಬೇಟೆ ನಾಯಿ ಸಾಕಿದವಳು, ಹತ್ತಿರ ಬಂದು ಕೇಳಿದಳಂತೆ. "ನನ್ನ ಹೆಂಡತಿಗೆ ನಾಯಿ ಅಂದ್ರೆ ಜೀವ ಹೋಗುತ್ತೆ, ಇದಕ್ಕೆ ಸೀರೆ ಅಂದ್ರೆ ಹಕ್ಕಿ. ಸೀರೆ ಹಾರಿದ್ರೆ ಕೂತ್ಕೋಬೇಕು ಅಂತ ಇದಕ್ಕೆ ಕಲಿಸಬೇಕು," ಅಂದ್ರಂತೆ. "ನೀನು ಉಟ್ರೆ ಅದು ನಿನ್ನನ್ನೇ ನೋಡುತ್ತೆ, ಸೀರೆ ನೋಡಲ್ಲ, ಬೇರೆ ಹೆಂಗಸೇ ಬೇಕು," ಅಂತ ಅವಳು ಹೇಳಿದಳಂತೆ. ಹಾಗೆ ಪ್ರತಿ ಶನಿವಾರ ಅವಳು ನಾನಾಗ್ತಿದ್ದಳು. ಸೀರೆ ಸುತ್ಕೊಂಡು ಬಗ್ಗೋದು, ದೀಪ ಹಚ್ಚೋ ಹಾಗೆ ಮಾಡೋದು, ಸೆರಗು ಹಾರಿಸೋದು. ನಾನು ದೀಪ ಹಚ್ಚೋದನ್ನ ನೀವು ಅವಳಿಗೆ ಮಾಡಿ ತೋರಿಸಿದ್ರಂತೆ, ಎಡಗೈಲಿ ಸೆರಗು ಹಿಡ್ಕೊಳ್ಳೋದು ಸಮೇತ. ನೀವು ಅದನ್ನ ನೋಡಿದ್ದು ಯಾವಾಗ ರೀ? ಪೇಪರ್ ಓದ್ತಾ ಇರ್ತಿದ್ರಲ್ಲ?

ನಾನು ಕೇಳದೆ ಹೋದ್ರೂ ಅವಳು ಉಟ್ಟು ತೋರಿಸಿದಳು. ಕಂಬಕ್ಕೆ ಬಟ್ಟೆ ಸುತ್ತಿದ ಹಾಗೆ ಸುತ್ತಿ, ಸೆರಗನ್ನ ಬಲ ಹೆಗಲಿಗೆ ಎಸೆದಳು. ಬಲ ಹೆಗಲಿಗೆ! ಇಪ್ಪತ್ತು ವರ್ಷ ಎದುರಿಗೇ ಓಡಾಡಿದ ಹೆಂಡತಿ ಸೆರಗು ಯಾವ ಹೆಗಲ ಮೇಲಿತ್ತು ಅಂತಾನೂ ನಿಮಗೆ ಗೊತ್ತಿರಲಿಲ್ಲವಾ? ನಗಬೇಕೋ ಅಳಬೇಕೋ ತಿಳೀಲಿಲ್ಲ. ಆದ್ರೆ ಚಿಕ್ಕು ಅವಳ ಮುಂದೆ ಗಕ್ಕನೆ ಕೂತಿತು, ಸೆರಗು ಮೂಗಿನ ಮುಂದೆ ಪಟಪಟ ಅಂದ್ರೂ ಕದಲಲಿಲ್ಲ. ಅವಳು ಕುತ್ತಿಗೆಯ ವಿಷಲ್ ಮೆಲ್ಲಗೆ ಊದಿದ್ರೆ ಅದರ ಕಿವಿ ಎರಡೂ ಅವಳ ಕಡೆ. "ಇನ್ನು ಲೀಶ್ ಬಿಚ್ಚೋದೊಂದೇ ಬಾಕಿ ಇತ್ತು. ಇದುವರೆಗೆ ಒಂದು ಸಲವೂ ಬಿಚ್ಚಿಲ್ಲ, ಶ್ರೀ ಕಾಯ್ತಿದ್ದ. ಕೊಡಿ, ನಾನು ಬಿಚ್ತೀನಿ, ನನ್ನ ವಿಷಲ್‌ಗೆ ಬರುತ್ತೆ," ಅಂದಳು. ಸೀರೆ ಬಿಚ್ಚಿ ಮಡಿಸೋಕೂ ಬರದೆ ಮುದುರಿ ಬೆಂಚಿನ ಮೇಲಿಟ್ಟಳು.

ನನ್ನ ವಿಷಲ್‌ಗೆ! ಅಲ್ಲೀವರೆಗೂ ಅದು ನಿಮ್ಮ ನಾಯಿಯಾಗಿತ್ತು. ಆ ಕ್ಷಣಕ್ಕೆ ನನ್ನ ನಾಯಿ ಆಗಿಬಿಟ್ಟಿತು. ನಮ್ಮನೆ ಮೊಸರು ತಿಂದದ್ದು, ನನ್ನ ಸೆರಗು ಹರಿದದ್ದು, ಇವಳ ವಿಷಲ್‌ಗೆ ಯಾಕೆ ಬರಬೇಕು? ಅವಳು ಬಗ್ಗೋಕೆ ಮುಂಚೆ ನಾನೇ ಬಗ್ಗಿದೆ. ಎಂಟು ತಿಂಗಳಲ್ಲಿ ಅದರ ಕುತ್ತಿಗೆ ಮುಟ್ಟಿರಲಿಲ್ಲ. ಕೊಂಡಿ ಎರಡು ಸಲ ಜಾರಿತು, ಅದರ ಬಿಸಿ ಕಿವಿ ಮಣಿಕಟ್ಟಿಗೆ ತಾಕಿತು. ಕಣ್ಣು ಮುಚ್ಚಿ ಎಳೆದೆ. "ವೇಟ್!" ಅಂತ ಕ್ಯಾರಲ್ ಅನ್ನೋದೂ, ಕೊಂಡಿ ಟಕ್ಕನೆ ಬಿಚ್ಚಿಕೊಳ್ಳೋದೂ ಒಟ್ಟಿಗೇ ಆಯಿತು.

ಮೊದಲು ಅದಕ್ಕೆ ಗೊತ್ತೇ ಆಗಲಿಲ್ಲ. ಲೀಶ್ ಇದ್ದಷ್ಟೇ ದೂರ ಹೋಗಿ ನಿಂತು, ಹಿಂತಿರುಗಿ ನನ್ನ ಕೈ ನೋಡಿತು. ಆಮೇಲೆ ಹೊರಟಿತು ನೋಡಿ! ಅಬ್ಬಾ, ನೀವು ನೋಡಬೇಕಿತ್ತು ರೀ. ನಮ್ಮ ಹಿತ್ತಲಲ್ಲಿ ಬೇಲಿಯಿಂದ ಬೇಲಿಗೆ ಹದಿನೈದು ಹೆಜ್ಜೆ ಓಡಿದ್ದ ಪ್ರಾಣಿ, ಅಷ್ಟು ದೊಡ್ಡ ಬಯಲನ್ನ ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಕಾಲು ನೆಲಕ್ಕೆ ತಾಕ್ತಾನೇ ಇರಲಿಲ್ಲ. ಆಮೇಲೆ ಒಮ್ಮೆಲೇ ನಿಂತಿತು. ಒಂದು ಕಾಲು ಮೇಲೆ, ಬಾಲ ನೆಟ್ಟಗೆ, ನೀವು ಹೇಳಿದ್ರಲ್ಲ, ಹಾಗೇ. ಹುಲ್ಲಿನಿಂದ ಬೂದು ಹಕ್ಕಿಗಳ ಒಂದು ಹಿಂಡೇ ಭುರ್ರನೆ ಎದ್ದು ಹೈವೇ ಕಡೆ ಹಾರಿತು. ಅದೂ ಅವುಗಳ ಹಿಂದೆ.

ಕ್ಯಾರಲ್ ವಿಷಲ್ ಊದಿದಳು. ಇನ್ನೊಮ್ಮೆ ಊದಿದಳು, ಕೆನ್ನೆ ಕೆಂಪಾಗೋ ಹಾಗೆ. ಉಹೂಂ. ನಾನು ಕೂಗಬೇಕು ಅಂತ ಬಾಯಿ ತೆಗೆದೆ, ಕೂಗೋಕೆ ಮಾತೇ ಇರಲಿಲ್ಲ ರೀ. ಇಷ್ಟು ತಿಂಗಳು ಅದಕ್ಕೆ ನಾನು ಹೇಳಿದ್ದು ಹಚಾ, ಹೋಗು, ಇವೆರಡೇ. "ಚಿಕ್ಕೂ, ಬಾರೋ" ಅಂದ್ರೆ ನನ್ನ ಗಂಟಲು ಅಂತಲೇ ಅದಕ್ಕೆ ಗೊತ್ತಾಗಲಿಲ್ಲ. ಲಾರಿಗಳ ಸದ್ದು ಕೇಳಿಸ್ತಿತ್ತು. ನಾನು ಅದರ ಹಿಂದೆ ಓಡೋಕೆ ಹೊರಟ್ರೆ ಕ್ಯಾರಲ್ ತೋಳು ಹಿಡಿದು ಎಳೆದಳು. ಅಟ್ಟಿಸಿಕೊಂಡು ಹೋದ್ರೆ ಇನ್ನೂ ದೂರ ಹೋಗುತ್ತೆ, ಬೆನ್ನು ತೋರಿಸಿ ಆ ಕಡೆಗೆ ಓಡಬೇಕು, ಆಗ ನಮ್ಮ ಹಿಂದೆ ಬರುತ್ತೆ ಅಂತ. ಹೇಳ್ತಾ ಹೇಳ್ತಾ ಬೆಂಚಿನ ಮೇಲಿನ ಸೀರೆಗೆ ಕೈ ಹಾಕಿದಳು.

"ಕೊಡು ಇಲ್ಲಿ!" ಅಂದೆ. ಕನ್ನಡದಲ್ಲೇ ಅಂದೆ, ಕಿತ್ತುಕೊಂಡೆ. ನಾಯಿ ಭಯಕ್ಕೆ ಹಾಕಿದ್ದ ಪ್ಯಾಂಟಿನ ಮೇಲೇ ಸುತ್ತಿ, ಐದು ನೆರಿಗೆ ಹಿಡಿದು ಸಿಕ್ಕಿಸಿ, ಸೆರಗನ್ನ ಎಡ ಹೆಗಲಿಗೆ ಎಸೆದು ಗಾಳಿಗೆ ಬಿಟ್ಟೆ. ಆಮೇಲೆ ನಾಯಿಗೆ ಬೆನ್ನು ಮಾಡಿ ಓಡಿದೆ. ನಲವತ್ತನಾಲ್ಕು ವರ್ಷದ ಹೆಂಗಸು, ಟೆನ್ನಿಸ್ ಶೂ ಹಾಕ್ಕೊಂಡು, ಅಲೆನ್‌ನ ಬಯಲಿನಲ್ಲಿ. ಮೊದಲು ಏನೂ ಕೇಳಿಸಲಿಲ್ಲ, ಹೋಯಿತು, ನಿಮ್ಮ ನಾಯಿ ಲಾರಿ ಕೆಳಗೆ ಹೋಯಿತು ಅಂದ್ಕೊಂಡೆ. ಆಮೇಲೆ ಹಿಂದಿನಿಂದ ಹುಲ್ಲು ಸರಸರ ಅಂತು. ಉಗುರಿನ ಸದ್ದು, ಏದುಸಿರು, ಹತ್ತಿರ, ಇನ್ನೂ ಹತ್ತಿರ. ನಾನು ಮೂರನೇ ಕ್ಲಾಸಿಗೆ ಹೋಗಿಬಿಟ್ಟೆ ರೀ, ಮೀನಖಂಡ ಜುಮ್ಮಂತು, ಈಗ ಬಾಯಿ ಹಾಕುತ್ತೆ, ಈಗ... ನಿಂತುಬಿಟ್ಟೆ. ತಿರುಗಿ, ಕಣ್ಣು ಗಟ್ಟಿಯಾಗಿ ಮುಚ್ಚಿ ರಾಮ ರಾಮ ಅಂದೆ.

ಏನೂ ಆಗಲಿಲ್ಲ. ಕಣ್ಣು ಬಿಟ್ಟು ನೋಡಿದ್ರೆ, ಒಂದು ಮೊಳ ದೂರದಲ್ಲಿ ಕೂತಿತ್ತು. ನಾಲಿಗೆ ಹೊರಗೆ, ಎದೆ ಕಮ್ಮಾರನ ತಿದಿಯ ಹಾಗೆ ಏರಿಳಿಯುತ್ತಾ, ಕೂತೇ ಇತ್ತು. ಸೆರಗು ಅದರ ಮುಖಕ್ಕೆ ಬಡೀತಿತ್ತು, ಹಲ್ಲು ತಾಗಿಸಲಿಲ್ಲ. ನಾನೇ ಹೋಗಿ ಹಣೆ ಮುಟ್ಟಿದೆ. ಬೆವರಿದ ಮಗುವಿನ ತಲೆಯ ಹಾಗೆ ಬೆಚ್ಚಗಿತ್ತು. ಆ ಕಡೆಯಿಂದ ಕ್ಯಾರಲ್ ಚಪ್ಪಾಳೆ ತಟ್ಟಿಕೊಂಡು ಓಡಿ ಬಂದಳು, "ಶ್ರೀ ಇರಬೇಕಿತ್ತು, ಶ್ರೀ ನೋಡಬೇಕಿತ್ತು!" ಅಂತ. ಮತ್ತೆ ಶ್ರೀ! ಅದನ್ನ ಹೇಳಬೇಕಾದವಳು ನಾನು, ಅದನ್ನೂ ಮೊದಲು ಅವಳೇ ಹೇಳಿಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನ ಕೂರಿಸಿ ಕೇಳಿದ್ದು ನಿಮಗೆ ಗೊತ್ತಿಲ್ಲ. "ಮುಂಚೆ ಯಾವಾಗಾದ್ರೂ ಎದೆನೋವು ಅಂದಿದ್ರಾ?" "ಇಲ್ಲ. ಬಂದಿದ್ರೆ ನನಗೆ ಹೇಳದೆ ಇರ್ತಿರಲಿಲ್ಲ," ಅಂತ ಎಷ್ಟು ಗಟ್ಟಿಯಾಗಿ ಹೇಳಿದ್ದೆ. ನಿನ್ನೆ ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕುಡೀತಿರೋವಾಗ, ನನಗೆ ಗೊತ್ತಿದೆ ಅಂದ್ಕೊಂಡೇ ಕ್ಯಾರಲ್ ಹೇಳಿದಳು, ಪಾಪ. ಏಪ್ರಿಲ್‌ನಲ್ಲಿ ಒಂದು ಸಲ, ಮೇ ತಿಂಗಳಲ್ಲಿ ಒಂದು ಸಲ, ಅದೇ ಬೆಂಚಿನ ಮೇಲೆ ಎದೆ ಒತ್ತಿ ಹಿಡ್ಕೊಂಡು ಕೂತಿದ್ರಂತೆ. ಬೆವರು ಕಿತ್ಕೊಂಡು ಬಂದಿತ್ತಂತೆ. ಡಾಕ್ಟರ ಹತ್ತಿರ ಹೋಗು, ಹೆಂಡತಿಗೆ ಹೇಳು ಅಂತ ಅವಳು ಬೈದಳಂತೆ. ನೀವು ನಗುತ್ತಾ, "ಹೇಳ್ತೀನಿ. ಮೊದಲು ಅವಳಿಗೆ ನಾಯಿ ಭಯ ಹೋಗಲಿ. ಒಂದೇ ಸಲಕ್ಕೆ ಎರಡು ಭಯ ಬೇಡ," ಅಂದ್ರಂತೆ.

ಸೀರೆ ಉಟ್ಟಿದ್ದು ಹೋಗಲಿ ರೀ. ಹೆಸರು ಹಿಡಿದು ಕರೆದದ್ದೂ ಹಾಳಾಗಿ ಹೋಗಲಿ. ನಿಮ್ಮ ನೋವು ನನ್ನದಲ್ಲವಾ? ಅದನ್ನ ಹೇಗೆ ಅವಳ ಹತ್ತಿರ ಬಿಟ್ಟು ಹೋದ್ರಿ? ಗೊತ್ತಿದ್ರೆ ನಿಮ್ಮ ಕೈ ಹಿಡಿದು ಎಳ್ಕೊಂಡು ಹೋಗ್ತಿದ್ದೆ, ಆಫೀಸಿಗೆ ಬೀಗ ಹಾಕಿಸ್ತಿದ್ದೆ, ಉಪ್ಪು ಬಿಡಿಸ್ತಿದ್ದೆ, ಜಗಳ ಆಡ್ತಿದ್ದೆ... ಆ ಜಗಳ ಆಡೋದು ನನ್ನ ಹಕ್ಕಾಗಿತ್ತು. ಎರಡು ಸಲ ಅವಳು ನಿಮಗೆ ನೀರು ಕುಡಿಸಿದಳಂತೆ. ಆ ಎರಡು ಲೋಟ ನೀರಿನ ಮೇಲಿನ ಹೊಟ್ಟೆಕಿಚ್ಚು ಈ ಜನ್ಮಕ್ಕೆ ತೀರೋದಲ್ಲ. ಅವಳಿಗೆ ಕೆಟ್ಟದಾಗಲಿ ಅಂತಲ್ಲ. ಅವಳು ಒಳ್ಳೆಯವಳು. ಅದೇ ತಾನೆ ತಾಪತ್ರಯ, ಕೆಟ್ಟವಳಾಗಿದ್ರೆ ಬೈದು ಸುಮ್ಮನಾಗಬಹುದಿತ್ತು.

ಹೊರಡೋವಾಗ ಅವಳು ಕೇಳಿದಳು, ಹ್ಯೂಸ್ಟನ್‌ಗೆ ಯಾಕೆ ಕಳಿಸ್ತೀರಿ, ನಾನೇ ಇಟ್ಕೊಳ್ಳಲಾ ಅಂತ. ಇಷ್ಟು ವರ್ಷ ಅಮೆರಿಕಾದಲ್ಲಿದ್ದು ಅಷ್ಟು ಚುರುಕಾಗಿ ನಾನು "ನೋ" ಅಂದದ್ದೇ ಇಲ್ಲ. ಇವತ್ತು ಬೆಳಿಗ್ಗೆ ಪ್ರಕಾಶನಿಗೆ ಫೋನ್ ಮಾಡಿ ಹೊರಡಬೇಡ ಅಂದೆ. "ನಾಯಿ ಮನೆ ಎಲ್ಲ ತಂದಿಟ್ಟಿದ್ದೆನಲ್ಲ ಅತ್ತಿಗೆ," ಅಂತ ಗೊಣಗಿದ. ಮೇಧಾ ಫೋನಿನಲ್ಲಿ ಎಷ್ಟು ಜೋರಾಗಿ ಕೂಗಿದಳು ಅಂದ್ರೆ ಅವಳ ರೂಮ್‌ಮೇಟ್ ಗಾಬರಿಯಾದಳಂತೆ. ಮುಂದಿನ ಶನಿವಾರವೂ ಪಾರ್ಕಿಗೆ ಹೋಗ್ತೀನಿ. ಮೂರು ತಿಂಗಳು ನೀವು ಅವಳ ಹತ್ತಿರ ಏನೇನು ಮಾತಾಡಿದ್ರೋ ಒಂದೊಂದೇ ಕೇಳಿ ಬಿಡಿಸ್ಕೊಂಡು ಬರ್ತೀನಿ, ಒಂದನ್ನೂ ಅವಳ ಹತ್ತಿರ ಉಳಿಸಲ್ಲ.

ಗಾಜಿನ ಬಾಗಿಲು ಬೆಳಿಗ್ಗೆಯಿಂದ ಪೂರ್ತಿ ತೆಗೆದೇ ಇದೆ. ಚಿಕ್ಕು ಒಳಗೆ ಬಂದು, ಟೇಬಲ್ ಕೆಳಗೆ, ನನ್ನ ಪಾದದ ಮೇಲೆ ಗಲ್ಲ ಇಟ್ಟು ಮಲಗಿದೆ. ಜೋಮು ಹಿಡಿದಿದೆ, ಆದ್ರೂ ಕಾಲು ತೆಗೆದಿಲ್ಲ. ನಾಯಿ ಭಯ ಹೋಯ್ತು ರೀ. ಈಗ ಹೇಳಿ, ಎಲ್ಲಿ ನೋಯ್ತಾ ಇದೆ?